ಪರಿಶೀಲಕನ ಅಧಿಕಾರ

ಅಧಿಕಾರವೆಂಬ ಪದವು ಕನ್ನಡದಲ್ಲಿ ಎರಡು ಅರ್ಥಗಳಲ್ಲಿ ನಡೆದುಬಂದಿದೆ. ಲೋಕವ್ಯವಹಾರದಲ್ಲಿ ಅದಕ್ಕೆ ಆಜ್ಞೆ ಮಾಡುವ ಶಕ್ತಿಯೆಂದು ಅರ್ಥ. ತಹಶೀಲ್ದಾರನಿಗೆ ಅಧಿಕಾರವುಂಟು, ಅವನ ಜವಾನನಿಗೆ ಇಲ್ಲ. ಶಾಸ್ತ್ರಗ್ರಂಥಗಳಲ್ಲಿಯಾದರೋ ಒಂದು ಕಾರ್ಯವನ್ನು ಕೈಕೊಳ್ಳುವುದಕ್ಕೆ ಬೇಕಾದ ಯೋಗ್ಯತೆಯೇ ಅಧಿಕಾರವೆನಿಸುವುದು. ಆದುದರಿಂದಲೇ ಪ್ರಾಚೀನ ಗ್ರಂಥಕಾರರು ವಿಷಯ, ಪ್ರಯೋಜನ, ಸಂಬಂಧ ಎಂಬ ಮೂರರೊಡನೆ ಅಧಿಕಾರಿಯು ಯಾರೆಂಬುದನ್ನೂ ಆರಂಭದಲ್ಲಿಯೇ ನಿರೂಪಿಸುತ್ತಿದ್ದರು. ಮೊದಲನೆಯ ಅಧಿಕಾರವನ್ನು ಇನ್ನೊಬ್ಬರು ಕೊಡಬಲ್ಲರು, ಕಿತ್ತುಕೊಳ್ಳಲೂ ಬಲ್ಲರು. ಎರಡನೆಯದನ್ನು ಯಾರೂ ಕೊಡಲಾರರು. ಅದನ್ನು ತಾನೇ ಗಳಿಸಿಕೊಳ್ಳಬೇಕು. ಮೊದಲನೆಯದು ಕೈಗೆ ಬಂದು ಎರಡನೆಯದು ಇನ್ನೂ ಬಾರದಿರುವಾಗ ಮನುಷ್ಯನು ನಡೆದುಕೊಳ್ಳಬೇಕಾದ ರೀತಿ ಯಾವುದು? ಪ್ರಶ್ನೆಯು ಹಳೆಯದು. ಆದರೆ ಈ ಕಾಲದಲ್ಲಿ ಅದು ಸ್ಪಷ್ಟವಾಗಿ ತೋರಿಬರುವ ಒಂದು ಸ್ಥಾನವುಂಟು. ಅದೇ ವಿಜ್ಞಾನಪತ್ರಿಕೆಯ ಪರಿಶೀಲಕನ ಸ್ಥಾನ. ಅದರಲ್ಲಿಯೂ ಕ್ರೀಡಾವಿಜ್ಞಾನದ ಪತ್ರಿಕೆಯೊಂದಕ್ಕೆ ಹೊಸದಾಗಿ ಪರಿಶೀಲಕನಾಗುವವನ ಸಂಗತಿಯು ವಿಶೇಷವಾಗಿ ವಿಚಾರಯೋಗ್ಯವಾಗಿದೆ.

ಕ್ರೀಡಾವಿಜ್ಞಾನವೆಂಬುದು ಆಟ ಓಟಗಳಲ್ಲಿ ತೊಡಗಿದ ದೇಹವನ್ನು ಅಳೆದು ನೋಡುವ ಶಾಸ್ತ್ರ. ಓಡುವವನು ನಿಮಿಷಕ್ಕೆ ಎಷ್ಟು ಆಮ್ಲಜನಕವನ್ನು ಬಳಸುವನು, ಬಿಸಿಲಿನಲ್ಲಿ ಅವನ ಬೆವರಿನೊಡನೆ ಎಷ್ಟು ಉಪ್ಪು ಹೋಗುವುದು, ಭಾರ ಎತ್ತುವವನಿಗೆ ಎಷ್ಟು ದಿನದ ವಿಶ್ರಾಂತಿ ಬೇಕು, ಎಳೆಯ ಮಕ್ಕಳ ಮೂಳೆಗೆ ಎಷ್ಟು ಶ್ರಮ ತಡೆಯುವುದು ಎಂಬಿವೇ ಅದರ ಪ್ರಶ್ನೆಗಳು. ಗರಡಿಯ ಉಸ್ತಾದನು ತಲೆಮಾರುಗಳ ಅನುಭವದಿಂದ ಹೇಳುತ್ತಿದ್ದ ಮಾತುಗಳನ್ನು ಇದು ಗಡಿಯಾರ, ತಕ್ಕಡಿ, ರಕ್ತಪರೀಕ್ಷೆಗಳ ಒರೆಗಲ್ಲಿಗೆ ಹಚ್ಚುವುದು. ಅಮೆರಿಕದಲ್ಲಿ ೧೯೩೦ರಲ್ಲಿ ‘ರಿಸರ್ಚ್ ಕ್ವಾರ್ಟರ್ಲಿ’ಯೂ, ೧೯೬೯ರಲ್ಲಿ ‘ಮೆಡಿಸಿನ್ ಅಂಡ್ ಸೈನ್ಸ್ ಇನ್ ಸ್ಪೋರ್ಟ್ಸ್’ ಎಂಬುದೂ, ಇಂಗ್ಲೆಂಡಿನಲ್ಲಿ ೧೯೮೩ರಲ್ಲಿ ‘ಜರ್ನಲ್ ಆಫ್ ಸ್ಪೋರ್ಟ್ಸ್ ಸೈನ್ಸಸ್’ ಎಂಬುದೂ ಹುಟ್ಟಿ ಈ ಶಾಸ್ತ್ರಕ್ಕೆ ವೇದಿಕೆಗಳಾದವು. ಇಂಥ ಪತ್ರಿಕೆಗೆ ಬಂದ ಲೇಖನವನ್ನು ಸಂಪಾದಕನು ತಾನೊಬ್ಬನೇ ಓದಿ ಅಚ್ಚಿಗೆ ಕಳುಹಿಸುವುದಿಲ್ಲ. ಅದೇ ವಿಷಯದಲ್ಲಿ ಕೆಲಸ ಮಾಡಿದ ಇಬ್ಬರು ಮೂವರಿಗೆ ಅದನ್ನು ಕಳುಹಿಸಿ ಅಭಿಪ್ರಾಯವನ್ನು ಬೇಡುವನು. ಅವರು ಓದಿ ಸ್ವೀಕರಿಸಬಹುದು, ಅಲ್ಪಸ್ವಲ್ಪ ತಿದ್ದಬೇಕು, ಬಹಳವಾಗಿ ತಿದ್ದಬೇಕು, ಸ್ವೀಕಾರಯೋಗ್ಯವಲ್ಲ ಎಂಬ ನಾಲ್ಕರಲ್ಲಿ ಒಂದನ್ನು ಸೂಚಿಸಿ ಕಾರಣಗಳನ್ನು ಬರೆಯುವರು. ಪೀರ್ ರಿವ್ಯೂ ಎಂದು ಇಂಗ್ಲಿಷಿನಲ್ಲಿ ಹೆಸರಾದ ಈ ಪದ್ಧತಿಯನ್ನು ಸಮಾನಪರಿಶೀಲನೆಯೆಂದು ಕರೆಯಬಹುದು. ತನಗೆ ಸಮಾನನಾದವನಿಂದಲೇ ತನ್ನ ಕೃತಿ ಪರಿಶೀಲಿತವಾಗುವುದೆಂಬುದು ಆ ಹೆಸರಿನ ತಾತ್ಪರ್ಯ.

ಈ ಸ್ಥಾನಕ್ಕೆ ಬರುವ ಮಾರ್ಗವು ವಿಚಿತ್ರವಾಗಿದೆ. ಅದಕ್ಕೆ ಪರೀಕ್ಷೆಯಿಲ್ಲ, ಪದವಿಯಿಲ್ಲ, ಸಂಬಳವೂ ಸಾಮಾನ್ಯವಾಗಿ ಇಲ್ಲ. ತರುಣನೊಬ್ಬನು ತನ್ನ ಗುರುವಿನೊಡನೆ ಒಂದೆರಡು ಲೇಖನಗಳನ್ನು ಪ್ರಕಟಿಸಿರುತ್ತಾನೆ. ಒಂದು ದಿನ ಸಂಪಾದಕನ ಈಮೈಲ್ ಬರುವುದು: ಇಂಥ ಲೇಖನವನ್ನು ಎರಡು ಮೂರು ವಾರಗಳೊಳಗೆ ಪರಿಶೀಲಿಸಿಕೊಡುವಿರಾ? ಕೆಲವು ವೇಳೆ ಪುರಸೊತ್ತಿಲ್ಲದ ಗುರುವೇ ಶಿಷ್ಯನ ಹೆಸರನ್ನು ಸೂಚಿಸಿರುವನು. ನಿನ್ನೆಯ ದಿನ ಯಾರದೋ ತಕ್ಕಡಿಯಲ್ಲಿ ತೂಗಿಸಿಕೊಳ್ಳುತ್ತಿದ್ದವನ ಕೈಗೆ ಇಂದು ತಕ್ಕಡಿಯೇ ಬಂದಿತು. ಬಹುಮಟ್ಟಿಗೆ ಲೇಖಕನ ಹೆಸರು ಪರಿಶೀಲಕನಿಗೆ ತಿಳಿದಿರುವುದು. ಪರಿಶೀಲಕನ ಹೆಸರು ಲೇಖಕನಿಗೆ ತಿಳಿಯದು. ಕೆಲವು ಪತ್ರಿಕೆಗಳು ಇಬ್ಬರ ಹೆಸರನ್ನೂ ಮರೆಮಾಡುವುವು. ಲಂಡನ್ನಿನ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ೧೯೯೯ರಲ್ಲಿ ಪರಿಶೀಲಕನು ತನ್ನ ಹೆಸರನ್ನು ಲೇಖಕನಿಗೆ ತಿಳಿಸತಕ್ಕದ್ದೆಂಬ ನಿಯಮವನ್ನು ತಂದಿತು. ಪದ್ಧತಿ ಯಾವುದೇ ಆಗಲಿ, ಒಬ್ಬನ ವರ್ಷಗಳ ದುಡಿಮೆಯ ಮೇಲೆ ಮಾತನಾಡುವ ಶಕ್ತಿ ಇನ್ನೊಬ್ಬನಿಗೆ ದಿನಬೆಳಗಾಗುವುದರೊಳಗೆ ಬಂದುಬಿಡುವುದು. ಇದು ಮೊದಲನೆಯ ಅರ್ಥದ ಅಧಿಕಾರ. ಎರಡನೆಯ ಅರ್ಥದ ಅಧಿಕಾರವು ಅವನಿಗೆ ಬಂದಿದೆಯೇ ಎಂದು ಯಾರೂ ಕೇಳುವುದಿಲ್ಲ, ಅವನೇ ಕೇಳಿಕೊಳ್ಳಬೇಕು.

ಶಾಲೆಯ ಪರೀಕ್ಷಕನಿಗೂ ಈ ಪರಿಶೀಲಕನಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಶಾಲೆಯ ಪರೀಕ್ಷಕನಿಗೆ ಸರಿಯಾದ ಉತ್ತರವು ಮೊದಲೇ ಗೊತ್ತಿದೆ. ಹುಡುಗನ ಉತ್ತರವನ್ನು ಅದರೊಡನೆ ಹೋಲಿಸಿ ಅಂಕಗಳನ್ನು ಕೊಡುವನು. ಪತ್ರಿಕೆಯ ಪರಿಶೀಲಕನಿಗೆ ಉತ್ತರವು ಗೊತ್ತಿಲ್ಲ. ಗೊತ್ತಿದ್ದರೆ ಲೇಖನವೇ ಅನಾವಶ್ಯಕವಾಗುತ್ತಿತ್ತು. ಆದುದರಿಂದ ಅವನು ಪರಿಶೀಲಿಸಬೇಕಾದುದು ಲೇಖಕನು ಸೇರಿದ ಊರನ್ನಲ್ಲ, ನಡೆದ ದಾರಿಯನ್ನು. ಎಷ್ಟು ಮಂದಿಯನ್ನು ಅಳೆದನು, ಯಾರನ್ನು ಯಾರೊಡನೆ ಹೋಲಿಸಿದನು, ಅಳೆಯುವ ಸಾಧನವು ನಂಬತಕ್ಕದ್ದೆ, ಅಂಕಿಗಳಿಂದ ಬರುವಷ್ಟೇ ಮಾತನ್ನು ಆಡಿದನೇ ಅಥವಾ ಅದಕ್ಕಿಂತ ಹೆಚ್ಚಾಗಿ ಆಡಿದನೇ ಎಂದು ನೋಡುವುದೇ ಅವನ ಕೆಲಸ. ತನಗೆ ಉತ್ತರವು ಮೊದಲೇ ಗೊತ್ತೆಂದು ಭಾವಿಸಿದ ಪರಿಶೀಲಕನು ಶಾಲೆಯ ಪರೀಕ್ಷಕನಾಗಿಬಿಡುವನು. ಹೊಸ ವಿದ್ಯೆಗೆ ಅದಕ್ಕಿಂತ ದೊಡ್ಡ ಕೇಡಿಲ್ಲ.

ಇದಕ್ಕೆ ಪದ್ಧತಿಯ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಲಂಡನ್ನಿನ ರಾಯಲ್ ಸೊಸೈಟಿಯ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ೧೬೬೫ರಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಎಂಬಾತನು ಆರಂಭಿಸಿದನು. ೧೭೫೨ರಲ್ಲಿ ಸೊಸೈಟಿಯು ಅದನ್ನು ತನ್ನ ವಶಕ್ಕೆ ತೆಗೆದುಕೊಂಡು ಲೇಖನಗಳನ್ನು ಆರಿಸುವುದಕ್ಕೆ ಒಂದು ಸಮಿತಿಯನ್ನು ಏರ್ಪಡಿಸಿತು. ತಜ್ಞರಿಂದ ಲಿಖಿತ ವರದಿಯನ್ನು ತರಿಸುವ ಕ್ರಮವು ೧೮೩೦ರ ದಶಕದಲ್ಲಿ ಮೊದಲಾಯಿತು. ೧೮೩೨ರಲ್ಲಿ ಜಾರ್ಜ್ ಏರಿಯೆಂಬ ಕೇಂಬ್ರಿಜ್ಜಿನ ಪ್ರೊಫೆಸರನು ಭೂಮಿ ಶುಕ್ರಗಳ ಗತಿಯನ್ನು ಕುರಿತು ಬರೆದ ಲೇಖನವನ್ನು ವಿಲಿಯಂ ಹ್ಯೂವೆಲ್, ಜಾನ್ ಲಬಕ್ ಎಂಬ ಇಬ್ಬರಿಗೆ ಒಪ್ಪಿಸಿದರು. ಹ್ಯೂವೆಲನು ಲೇಖನದ ಮಹತ್ತ್ವವನ್ನು ಲೋಕಕ್ಕೆ ತಿಳಿಸಿದರೆ ಸಾಕೆಂದನು. ಲಬಕನು ಗಣಿತದ ಸೂಕ್ಷ್ಮಗಳನ್ನು ಹಿಡಿದು ತಿದ್ದುಪಡಿಯನ್ನು ಬಯಸಿದನು. ಹೊಗಳುವುದೇ ಪರಿಶೀಲನೆಯೋ ಹುಳುಕು ಹುಡುಕುವುದೋ ಎಂಬ ವಾದವು ಪದ್ಧತಿಯ ಜೊತೆಯಲ್ಲಿಯೇ ಹುಟ್ಟಿತು.

ಹದಿಮೂರು ವರ್ಷಗಳ ತರುವಾಯ, ೧೮೪೫ರಲ್ಲಿ, ಮುಂಬಯಿಯಿಂದ ಅದೇ ಸೊಸೈಟಿಗೆ ಒಂದು ಲೇಖನ ಹೋಯಿತು. ಬರೆದವನು ಜಾನ್ ಜೇಮ್ಸ್ ವಾಟರ್‌ಸ್ಟನ್. ಈಸ್ಟ್ ಇಂಡಿಯಾ ಕಂಪನಿಯ ನೌಕಾಪಡೆಯ ಹುಡುಗರಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯ. ಅನಿಲದ ಕಣಗಳು ಎಡೆಬಿಡದೆ ಚಲಿಸುತ್ತಿರುವುವೆಂದೂ ಆ ಚಲನೆಯೇ ಉಷ್ಣವೆಂದೂ ಆತನು ಪ್ರತಿಪಾದಿಸಿದ್ದನು. ಈಗ ಭೌತಶಾಸ್ತ್ರದ ಹುಡುಗರೆಲ್ಲರೂ ಕಲಿಯುವ ತತ್ತ್ವವೇ ಇದು. ಪರಿಶೀಲಕನು ಅದನ್ನು ಬರಿಯ ಅರ್ಥಹೀನ ಮಾತೆಂದೂ ಸಭೆಯಲ್ಲಿ ಓದುವುದಕ್ಕೂ ತಕ್ಕದ್ದಲ್ಲವೆಂದೂ ಬರೆದನು. ಆ ಪರಿಶೀಲಕನು ಬೇರೆ ಯಾರೂ ಅಲ್ಲ, ಏರಿಯ ಲೇಖನವನ್ನು ಅಷ್ಟು ಎಚ್ಚರದಿಂದ ಓದಿದ ಲಬಕನೇ. ಸಾರಾಂಶ ಮಾತ್ರ ಅಚ್ಚಾಗಿ ಹಸ್ತಪ್ರತಿಯು ಸೊಸೈಟಿಯ ಕಪಾಟಿನಲ್ಲಿ ಉಳಿಯಿತು. ೧೮೯೧ರಲ್ಲಿ ಲಾರ್ಡ್ ರ‍್ಯಾಲೆಯು ಅದನ್ನು ಹುಡುಕಿ ತೆಗೆದನು. ೧೮೯೨ರಲ್ಲಿ ಅದು ಪೂರ್ತಿಯಾಗಿ ಪ್ರಕಟವಾಯಿತು. ಅಷ್ಟರೊಳಗೆ ವಾಟರ್‌ಸ್ಟನ್ನನು ೧೮೮೩ರಲ್ಲಿ ಒಂದು ದಿನ ಮನೆಯಿಂದ ಹೋದವನು ಹಿಂದಿರುಗಿರಲಿಲ್ಲ.

ಲಬಕನು ಅವಿದ್ವಾಂಸನಲ್ಲ. ೧೮೩೨ರಲ್ಲಿದ್ದ ಗಣಿತಜ್ಞಾನವು ೧೮೪೫ರಲ್ಲಿ ಅವನನ್ನು ಬಿಟ್ಟುಹೋಗಿರಲೂ ಇಲ್ಲ. ಕೇಂಬ್ರಿಜ್ಜಿನ ಪ್ರೊಫೆಸರನ ಲೇಖನದಲ್ಲಿ ಅವನು ಒಂದೊಂದು ಹೆಜ್ಜೆಯನ್ನೂ ತಡವಿ ನೋಡಿದನು. ಮುಂಬಯಿಯ ಉಪಾಧ್ಯಾಯನ ಲೇಖನದಲ್ಲಿ ಕೊನೆಯ ಮಾತನ್ನು ನೋಡಿ, ಅದು ತನಗೆ ತಿಳಿದ ಉತ್ತರವಲ್ಲವೆಂದು ತಳ್ಳಿಬಿಟ್ಟನೆಂದೇ ತೋರುವುದು. ಆದುದರಿಂದ ಪರಿಶೀಲಕನ ಅಧಿಕಾರಕ್ಕೆ ವಿದ್ವತ್ತು ಆವಶ್ಯಕವಾದರೂ ಅದಷ್ಟೇ ಸಾಲದೆಂದು ಸಿದ್ಧವಾಯಿತು.

ಹಾಗಾದರೆ ಈ ಪದ್ಧತಿಯೇ ಬೇಡವೆನ್ನಬಹುದೆ? ಹಾಗೆನ್ನುವವರೂ ಇದ್ದಾರೆ. ಅವರು ೧೯೩೬ರ ಇನ್ನೊಂದು ಪ್ರಸಂಗವನ್ನು ನೆನೆಯಬೇಕು. ಆಲ್ಬರ್ಟ್ ಐನ್‌ಸ್ಟೈನನು ತನ್ನ ಸಹಾಯಕ ರೋಸೆನ್ನನೊಡನೆ ಗುರುತ್ವದ ಅಲೆಗಳು ಇಲ್ಲವೆಂದು ಸಾಧಿಸುವ ಲೇಖನವೊಂದನ್ನು ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಕಳುಹಿಸಿದನು. ಸಂಪಾದಕನಾದ ಜಾನ್ ಟೇಟನು ಅದನ್ನು ಹೆಸರು ಹೇಳದೆ ಒಬ್ಬ ತಜ್ಞನಿಗೆ ತೋರಿಸಿ, ಬಂದ ಆಕ್ಷೇಪಗಳನ್ನು ಐನ್‌ಸ್ಟೈನನಿಗೆ ಕಳುಹಿಸಿದನು. ಅಚ್ಚಾಗುವ ಮೊದಲು ಪರರಿಗೆ ತೋರಿಸಲು ತಾನು ಅನುಮತಿ ಕೊಟ್ಟಿರಲಿಲ್ಲವೆಂದು ಐನ್‌ಸ್ಟೈನನು ಕೋಪಿಸಿಕೊಂಡು ಲೇಖನವನ್ನು ಹಿಂದಕ್ಕೆ ತೆಗೆದುಕೊಂಡನು. ಆ ತಜ್ಞನು ಹೊವರ್ಡ್ ರಾಬರ್ಟ್‌ಸನ್ನನೆಂಬುದು ಬಹುಕಾಲದ ಮೇಲೆ ಹೊರಬಿದ್ದಿತು. ಲೇಖನದಲ್ಲಿ ದೋಷವಿದ್ದುದು ನಿಜ. ೧೯೩೭ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಅದು ಪ್ರಕಟವಾಗುವ ಹೊತ್ತಿಗೆ ಅದರ ನಿರ್ಣಯವೇ ಬದಲಾಗಿದ್ದಿತು. ಜಗದ್ವಿಖ್ಯಾತನ ಹೆಸರಿಗೆ ಬೆರಗಾಗದೆ ದಾರಿಯನ್ನು ಮಾತ್ರ ನೋಡಿದ ಓದುಗನೊಬ್ಬನಿಂದ ಒಂದು ದೊಡ್ಡ ಪ್ರಮಾದ ತಪ್ಪಿತು. ಒಂದೇ ಪದ್ಧತಿ, ಒಂದು ಕಡೆ ಅಪ್ರಸಿದ್ಧನ ಸತ್ಯವನ್ನು ಹೂತಿತು, ಇನ್ನೊಂದು ಕಡೆ ಸುಪ್ರಸಿದ್ಧನ ತಪ್ಪನ್ನು ತಡೆಯಿತು. ಭೇದವು ಪದ್ಧತಿಯಲ್ಲಿಲ್ಲ, ಓದಿದವನ ನಡತೆಯಲ್ಲಿದೆ.

ಭೌತಶಾಸ್ತ್ರದಲ್ಲಿ ಪರಿಶೀಲಕನು ತಪ್ಪಿದರೆ ಸತ್ಯವು ತಡವಾಗಿ ಬರುವುದು. ಕ್ರೀಡಾವಿಜ್ಞಾನದಲ್ಲಿ ಮೂರನೆಯವನೊಬ್ಬನಿದ್ದಾನೆ. ಅವನು ಲೇಖಕನೂ ಅಲ್ಲ, ಪರಿಶೀಲಕನೂ ಅಲ್ಲ, ಪತ್ರಿಕೆಯನ್ನು ಓದುವವನೂ ಅಲ್ಲ. ಆದರೆ ಅಚ್ಚಾದ ಮಾತು ಫಲಿಸುವುದು ಅವನ ಮೈಯ ಮೇಲೆ. ಅಮೆರಿಕದ ಕ್ರೀಡಾವೈದ್ಯರ ಕಾಲೇಜು ೧೯೯೬ರಲ್ಲಿ ಪ್ರಕಟಿಸಿದ ನಿಲುವಿನಲ್ಲಿ, ವ್ಯಾಯಾಮ ಮಾಡುವವರು ಬೆವರಿನಿಂದ ಕಳೆದುಕೊಂಡಷ್ಟೂ ನೀರನ್ನು, ಅಥವಾ ಹೊಟ್ಟೆ ತಾಳುವಷ್ಟು ಹೆಚ್ಚು ನೀರನ್ನು ಕುಡಿಯಬೇಕೆಂದಿತ್ತು. ೨೦೦೨ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತವನ್ನು ಪರೀಕ್ಷಿಸಿದ ೪೮೮ ಓಟಗಾರರಲ್ಲಿ ನೂರಕ್ಕೆ ೧೩ ಮಂದಿಯ ರಕ್ತದಲ್ಲಿ ಸೋಡಿಯಂ ಇರಬೇಕಾದುದಕ್ಕಿಂತ ಕಡಮೆಯಾಗಿತ್ತೆಂದು ೨೦೦೫ರಲ್ಲಿ ಪ್ರಕಟವಾಯಿತು. ಓಡುತ್ತ ಅತಿಯಾಗಿ ಕುಡಿದು ಮೈತೂಕ ಹೆಚ್ಚಿದವರಲ್ಲಿ ಈ ಅಪಾಯವು ಅಧಿಕವಾಗಿತ್ತು. ೨೦೦೭ರಲ್ಲಿ ಕಾಲೇಜು ತನ್ನ ನಿಲುವನ್ನು ತಿದ್ದಿ ಅತಿಯಾಗಿ ಕುಡಿಯುವುದರ ಅಪಾಯವನ್ನೂ ಹೇಳಿತು. ಬಾಯಾರಿಕೆಯೆಂಬ ಪ್ರಕೃತಿದತ್ತವಾದ ಅಳತೆಗಿಂತ ಅಚ್ಚಾದ ಮಾತನ್ನು ಜನರು ಹೆಚ್ಚು ನಂಬುವ ಕಾಲ ಇದು. ಅಂಥ ಮಾತಿಗೆ ಮುದ್ರೆಯನ್ನೊತ್ತುವವರಲ್ಲಿ ಪರಿಶೀಲಕನೂ ಒಬ್ಬ.

ಭಾರತದ ಓಟಗಾರ್ತಿಯೊಬ್ಬಳ ಪ್ರಸಂಗವು ಇದಕ್ಕಿಂತ ಗಂಭೀರವಾದುದು. ಒಡಿಶಾದ ದ್ಯುತಿ ಚಂದ್ ಎಂಬಾಕೆಯ ರಕ್ತದಲ್ಲಿ ಟೆಸ್ಟಾಸ್ಟೆರೋನ್ ಸಹಜವಾಗಿಯೇ ಹೆಚ್ಚಾಗಿದ್ದಿತೆಂಬ ಕಾರಣದಿಂದ ೨೦೧೪ರಲ್ಲಿ ಸ್ಪರ್ಧೆಗಳಿಂದ ಆಕೆಯನ್ನು ತಡೆದರು. ಆಕೆ ಸ್ವಿಟ್ಸರ್ಲೆಂಡಿನ ಲೊಸಾನಿನಲ್ಲಿರುವ ಕ್ರೀಡಾನ್ಯಾಯಾಲಯಕ್ಕೆ ದೂರು ಕೊಟ್ಟಳು. ಆ ರಸದಿಂದ ಎಷ್ಟು ಅನುಕೂಲವಾಗುವುದೆಂಬುದಕ್ಕೆ ಸಾಕಾದ ಪ್ರಮಾಣವಿಲ್ಲವೆಂದು ೨೦೧೫ರ ಜುಲೈಯಲ್ಲಿ ನ್ಯಾಯಾಲಯವು ಆ ನಿಯಮವನ್ನು ಎರಡು ವರ್ಷ ತಡೆಹಿಡಿದು, ಪ್ರಮಾಣವನ್ನು ಒದಗಿಸುವಂತೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಗೆ ಹೇಳಿತು. ೨೦೧೭ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ ಪತ್ರಿಕೆಯಲ್ಲಿ ಬೆರ್ಮೋನ್, ಗಾರ್ನಿಯೇ ಎಂಬ ಇಬ್ಬರ ಲೇಖನ ಬಂದಿತು. ೨೦೧೧, ೨೦೧೩ರ ವಿಶ್ವಸ್ಪರ್ಧೆಗಳ ಅಂಕಿಗಳನ್ನು ನೋಡಿ, ಆ ರಸ ಹೆಚ್ಚಾಗಿದ್ದ ಸ್ತ್ರೀಯರು ೪೦೦ ಮೀಟರ್, ೪೦೦ ಮೀಟರ್ ಹರ್ಡಲ್ಸ್, ೮೦೦ ಮೀಟರ್, ಹ್ಯಾಮರ್ ಎಸೆತ, ಪೋಲ್ ವಾಲ್ಟ್ ಎಂಬ ಐದರಲ್ಲಿ ಮುಂದಿದ್ದರೆಂದು ಅದು ಹೇಳಿತು. ಲೇಖಕರಿಬ್ಬರೂ ಆ ಸಂಸ್ಥೆಗೇ ಸಂಬಂಧಪಟ್ಟವರು. ೨೦೧೮ರಲ್ಲಿ ಸಂಸ್ಥೆಯು ೪೦೦ ಮೀಟರಿನಿಂದ ಒಂದು ಮೈಲಿನವರೆಗಿನ ಓಟಗಳಿಗೆ ಹೊಸ ನಿಯಮವನ್ನು ಮಾಡಿತು. ಅದು ದ್ಯುತಿ ಚಂದಳ ಓಟಗಳನ್ನು ಮುಟ್ಟಲಿಲ್ಲ. ದಕ್ಷಿಣ ಆಫ್ರಿಕದ ಕ್ಯಾಸ್ಟರ್ ಸೆಮೆನ್ಯಾ ಎಂಬಾಕೆಯ ಓಟಗಳನ್ನು ಮುಟ್ಟಿತು.

ಆಮೇಲೆ ಪೀಲ್ಕೆ, ಟಕರ್, ಬೊಯೆ ಎಂಬ ಮೂವರು ಆ ಅಂಕಿಗಳಲ್ಲಿ ಒಂದು ಭಾಗವನ್ನು ಕೇಳಿ ಪಡೆದು ಹೋಲಿಸಿದರು. ಒಂದೇ ಓಟವನ್ನು ಎರಡು ಸಲ ಎಣಿಸಿದ್ದೂ, ಯಾವ ಸ್ಪರ್ಧೆಗೂ ಸೇರದ ಕಾಲಗಳು ಇದ್ದುದೂ ಕಂಡುಬಂದವು. ೨೦೨೧ರಲ್ಲಿ ಪತ್ರಿಕೆಯು ತಿದ್ದುಪಡಿಯನ್ನು ಪ್ರಕಟಿಸಿ, ಆ ಫಲಿತಾಂಶಗಳನ್ನು ಪ್ರಾಥಮಿಕ ಶೋಧವೆಂದು ಮಾತ್ರ ತಿಳಿಯಬೇಕೆಂದೂ, ಕಾರಣಕಾರ್ಯಸಂಬಂಧವು ಅವುಗಳಿಂದ ಸಿದ್ಧವಾಗದೆಂದೂ ಒಪ್ಪಿತು. ಸೆಮೆನ್ಯಾಳ ದೂರನ್ನು ನ್ಯಾಯಾಲಯವು ೨೦೧೯ರಲ್ಲಿಯೇ ತಳ್ಳಿಹಾಕಿಯಾಗಿತ್ತು. ಆ ತೀರ್ಪು ಈ ಒಂದೇ ಲೇಖನವನ್ನು ನಂಬಿ ಬಂದುದಲ್ಲ. ನಿಯಮವು ಯುಕ್ತವೋ ಅಯುಕ್ತವೋ ಎಂಬುದೂ ಇಲ್ಲಿಯ ವಿಷಯವಲ್ಲ. ಗಮನಿಸಬೇಕಾದುದು ಇಷ್ಟೆ: ಪರಿಶೀಲನೆಯ ಬಾಗಿಲನ್ನು ದಾಟಿ ಬಂದ ಲೇಖನದ ದೋಷವು, ಅಂಕಿಗಳನ್ನೇ ತೋರಿಸಿರೆಂದು ಕೇಳಿದವರಿಗೆ ಕಂಡಿತು. ಸಂಬಂಧಪಟ್ಟವರೇ ಬರೆದ, ಸಂಬಂಧಪಟ್ಟವರಿಗೇ ಬೇಕಾದ ಪ್ರಮಾಣವು ಮುಂದೆ ಬಂದಾಗ ‘ಮೂಲದ ಅಂಕಿಗಳನ್ನು ನೋಡಬಹುದೆ?’ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಪರಿಶೀಲಕನಿಗೇ ಇರುವುದು. ಆ ಮೂರು ಮಾತು ಕೇಳದೆ ಹೋದರೆ, ಎಲ್ಲಿಯೋ ಒಬ್ಬ ಓಟಗಾರ್ತಿಯ ಬಾಳಿನ ಮೇಲೆ ಅದರ ಭಾರ ಬೀಳಬಹುದು.

ಸಮಾನರ ಪರಿಶೀಲನೆಯಲ್ಲಿ ಮತ್ತೊಂದು ತೊಡಕುಂಟು. ಸಮಾನರು ಜ್ಞಾನದಲ್ಲಿ ಮಾತ್ರವಲ್ಲ, ಅಜ್ಞಾನದಲ್ಲಿಯೂ ಸಮಾನರಾಗಿರುವರು. ಶ್ರೇಷ್ಠ ಓಟಗಾರರು ಎಲ್ಲಿಯೂ ಬೆರಳೆಣಿಕೆಯಷ್ಟು ಮಂದಿ. ಆದುದರಿಂದ ಈ ಶಾಸ್ತ್ರದ ಅನೇಕ ಪ್ರಯೋಗಗಳು ಹತ್ತು ಹನ್ನೆರಡು ಜನರ ಮೇಲೆಯೇ ನಡೆಯುವುವು. ಇಷ್ಟು ಸಣ್ಣ ಗುಂಪಿನಿಂದಲೂ ನಿರ್ಣಯವನ್ನು ಪಡೆಯುವುದಕ್ಕೆ ಬ್ಯಾಟರ್‌ಹ್ಯಾಮ್, ಹಾಪ್ಕಿನ್ಸ್ ಎಂಬ ಇಬ್ಬರು ೨೦೦೬ರಲ್ಲಿ ಒಂದು ಹೊಸ ಗಣನಕ್ರಮವನ್ನು ಪ್ರಸಿದ್ಧಪಡಿಸಿದರು. ಕ್ರೀಡಾವಿಜ್ಞಾನಿಗಳು ಅದನ್ನು ಸಂತೋಷದಿಂದ ಬರಮಾಡಿಕೊಂಡರು. ೨೦೧೫ರಲ್ಲಿ ವೆಲ್ಷ್, ನೈಟ್ ಎಂಬುವರೂ, ೨೦೧೮ರಲ್ಲಿ ಕ್ರಿಸ್ಟಿನ್ ಸೈನಾನಿಯೆಂಬ ಸಂಖ್ಯಾಶಾಸ್ತ್ರಜ್ಞೆಯೂ ಅದನ್ನು ಬಿಡಿಸಿ ನೋಡಿ, ಇಲ್ಲದ ಫಲವನ್ನು ಇದೆಯೆಂದು ಹೇಳುವ ಸಂಭವವು ಅದರಲ್ಲಿ ಹೆಚ್ಚೆಂದು ತೋರಿಸಿದರು. ಕ್ರಮದ ಕರ್ತೃಗಳು ಸಮಾಧಾನವನ್ನು ಹೇಳಿದುದೂ ಉಂಟು. ಆದರೆ ಹನ್ನೆರಡು ವರ್ಷಗಳ ಕಾಲ ಆ ಕ್ರಮದ ಲೇಖನಗಳು ಪರಿಶೀಲನೆಯನ್ನು ದಾಟಿದುವೆಂಬುದನ್ನು ಮರೆಯಬಾರದು. ಎಲ್ಲರೂ ಒಂದೇ ಕೊಳಗದಿಂದ ಅಳೆಯುತ್ತಿರುವಾಗ ಕೊಳಗದ ತಳ ಸೋರುತ್ತಿದೆಯೆಂದು ಹೇಳುವವರು ಯಾರು?

ಭರತಮುನಿಯು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದನು. ನಾಟ್ಯಪ್ರಯೋಗದಲ್ಲಿ ವಿವಾದ ಬಂದಾಗ ತೀರ್ಪು ಹೇಳುವವರಿಗೆ ನಾಟ್ಯಶಾಸ್ತ್ರದಲ್ಲಿ ಪ್ರಾಶ್ನಿಕರೆಂದು ಹೆಸರು. ಅವರೆಲ್ಲರೂ ನಟರಲ್ಲ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಎಂದು ಹತ್ತು ಬಗೆಯವರನ್ನು ಆತನು ಎಣಿಸುವನು. ಒಬ್ಬೊಬ್ಬರಿಗೆ ಒಂದೊಂದರಲ್ಲಿ ಮಾತ್ರ ಅಧಿಕಾರ. ಅಂಗಸೌಷ್ಠವದ ವಿಷಯದಲ್ಲಿ ತೀರ್ಪು ಹೇಳುವವನು ಬಿಲ್ಲುಗಾರ. ದೇಹವು ನಿಲ್ಲುವ ಕ್ರಮವನ್ನು ತನ್ನ ಮೈಯಿಂದಲೇ ಬಲ್ಲವನು ಅವನು. ಕ್ರೀಡಾವಿಜ್ಞಾನದ ಲೇಖನಕ್ಕೂ ಹೀಗೆಯೇ. ದೇಹಶಾಸ್ತ್ರವನ್ನು ಬಲ್ಲವನೊಬ್ಬ, ಸಂಖ್ಯಾಶಾಸ್ತ್ರವನ್ನು ಬಲ್ಲವನೊಬ್ಬ, ಸಾಧ್ಯವಾದರೆ ಮೈದಾನದಲ್ಲಿ ನಿಂತು ತರಬೇತಿ ಕೊಟ್ಟವನೊಬ್ಬ ಬೇಕು. ಹೊಸ ಪರಿಶೀಲಕನು ಇದರಲ್ಲಿ ತಾನು ಯಾವ ಬಗೆಯ ಪ್ರಾಶ್ನಿಕನೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ‘ಸ್ನಾಯುಗಳ ಭಾಗವನ್ನು ತೂಗಿದ್ದೇನೆ, ಅಂಕಿಗಳ ಭಾಗವನ್ನು ಬಲ್ಲವರಿಗೆ ತೋರಿಸಿರಿ’ ಎಂದು ಸಂಪಾದಕನಿಗೆ ಬರೆಯುವುದರಲ್ಲಿ ಅವಮಾನವೇನೂ ಇಲ್ಲ. ತನ್ನ ಎಲ್ಲೆಯನ್ನು ಬಲ್ಲವನ ಮಾತಿಗೇ ಎಲ್ಲೆಯೊಳಗೆ ಬೆಲೆ.

ಎಲ್ಲೆಯನ್ನು ಬಲ್ಲವನಿಗೂ ಇನ್ನೊಂದು ಶೋಧನೆಯುಂಟು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರಿಗೆ ತಮ್ಮಲ್ಲಿ ಮೇಲಾರೆಂಬ ಜಗಳ ಬರುವುದು. ಪರಿವ್ರಾಜಿಕೆಯು ಪ್ರಾಶ್ನಿಕಳಾಗುವಳು. ಆಕೆ ಪಂಡಿತೆ, ಸಂನ್ಯಾಸಿನಿ; ಅವಳಿಗಿಂತ ನಿಷ್ಪಕ್ಷಪಾತಿ ಯಾರೆಂದು ಸಭೆಯೆಲ್ಲ ತಿಳಿದಿದೆ. ಆಚಾರ್ಯರ ವಿದ್ಯೆಯು ಶಿಷ್ಯರಲ್ಲಿ ಕಾಣಬೇಕೆಂದು ಆಕೆ ವಿಧಿಸುವಳು. ಅದರ ಫಲವಾಗಿ ಮಾಲವಿಕೆಯು ರಾಜನ ಕಣ್ಣಿಗೆ ಬೀಳುವಳು. ಹೀಗಾಗಬೇಕೆಂಬುದೇ ವಿದೂಷಕನ ಹೂಟ. ಕೊನೆಯ ಅಂಕದಲ್ಲಿ ಪರಿವ್ರಾಜಿಕೆಗೂ ಮಾಲವಿಕೆಗೂ ಮೊದಲಿನಿಂದಲೂ ಇದ್ದ ನಂಟು ಬಯಲಾಗುವುದು. ಸ್ವಾರಸ್ಯವೇನೆಂದರೆ, ಆಕೆಯ ತೀರ್ಪು ತಪ್ಪಲ್ಲ. ಮಾಲವಿಕೆಯ ನೃತ್ಯವು ನಿರ್ದುಷ್ಟವಾಗಿಯೇ ಇದ್ದಿತು. ತೀರ್ಪು ಸರಿಯಾಗಿದ್ದರೂ ತೀರ್ಪುಗಾರ್ತಿಯ ಮನಸ್ಸಿನಲ್ಲಿದ್ದ ಸಂಬಂಧವನ್ನು ಸಭೆ ತಿಳಿದಿರಲಿಲ್ಲ. ನಾಟಕದಲ್ಲಿ ಇದು ವಿನೋದ, ವಿಜ್ಞಾನದಲ್ಲಿ ದೋಷ. ಪಾನೀಯದ ಕಂಪನಿಗಳೂ ಪಾದರಕ್ಷೆಯ ಕಂಪನಿಗಳೂ ಹಣವೊದಗಿಸುವ ಈ ಶಾಸ್ತ್ರದಲ್ಲಿ ಇಂಥ ನಂಟುಗಳಿಗೆ ಕೊರತೆಯಿಲ್ಲ. ಕ್ರೀಡಾಪಾನೀಯಗಳ ಹಿಂದಿನ ಇಂಥ ಸಂಬಂಧಗಳನ್ನು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ೨೦೧೨ರಲ್ಲಿ ವಿಸ್ತಾರವಾಗಿ ಬಯಲಿಗೆ ತಂದಿತು. ಹಣದ ನಂಟೊಂದೇ ಅಲ್ಲ. ಲೇಖಕನು ತನ್ನ ಸಹಪಾಠಿಯಾಗಿರಬಹುದು, ಪ್ರತಿಸ್ಪರ್ಧಿಯಾಗಿರಬಹುದು, ತಾನು ನಾಳೆ ಪ್ರಕಟಿಸಬೇಕೆಂದಿದ್ದುದನ್ನೇ ಇಂದು ಬರೆದವನಾಗಿರಬಹುದು. ೧೯೯೭ರಲ್ಲಿ ಸ್ಥಾಪಿತವಾದ ಪ್ರಕಟ­ನೀತಿಯ ಸಮಿತಿಯು ೨೦೧೩ರಲ್ಲಿ ಪರಿಶೀಲಕರಿಗೆಂದು ಮಾಡಿದ ಸೂತ್ರಗಳಲ್ಲಿ ಇಂಥ ಸಂಬಂಧವನ್ನು ಸಂಪಾದಕನಿಗೆ ಮುಂದಾಗಿ ತಿಳಿಸಬೇಕೆಂಬುದು ಮುಖ್ಯವಾದುದು.

ಆದರೆ ಸಂಪಾದಕನಿಗೆ ತಿಳಿಸಲಾಗದ ಒಂದು ಪಕ್ಷಪಾತವುಂಟು. ಅದು ತನಗೇ ತಿಳಿಯದು. ೧೯೭೭ರಲ್ಲಿ ಮೈಕೇಲ್ ಮಹೋನಿಯೆಂಬ ಮನಶ್ಶಾಸ್ತ್ರಜ್ಞನು ಒಂದೇ ಪ್ರಯೋಗವನ್ನು ವರ್ಣಿಸಿ ಫಲಿತಾಂಶವನ್ನು ಮಾತ್ರ ಬದಲಾಯಿಸಿದ ಲೇಖನಗಳನ್ನು ೭೫ ಪರಿಶೀಲಕರಿಗೆ ಕಳುಹಿಸಿದನು. ತಮ್ಮ ನಂಬಿಕೆಗೆ ಒಪ್ಪುವ ಫಲವನ್ನು ಕಂಡವರು ಪ್ರಯೋಗದ ಕ್ರಮವನ್ನು ಮೆಚ್ಚಿದರು. ಒಪ್ಪದ ಫಲವನ್ನು ಕಂಡವರು ಅದೇ ಕ್ರಮದಲ್ಲಿ ದೋಷವನ್ನು ಕಂಡರು. ೧೯೯೮ರಲ್ಲಿ ಲಂಡನ್ನಿನಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಒಂದು ಲೇಖನದೊಳಗೆ ಬೇಕೆಂದೇ ಎಂಟು ದೋಷಗಳನ್ನು ಸೇರಿಸಿ ಕಳುಹಿಸಿದಾಗ ಪರಿಶೀಲಕರು ಸರಾಸರಿಯಲ್ಲಿ ಕಂಡುಹಿಡಿದುದು ಎರಡನ್ನು. ಇದರಿಂದ ತಾತ್ಪರ್ಯವೇನೆಂದರೆ, ಮನಸ್ಸಿಗೆ ಹಿತವಾದ ಲೇಖನವನ್ನೇ ಹೆಚ್ಚು ಕಠಿನವಾಗಿ ಪರಿಶೀಲಿಸಬೇಕು; ಅಹಿತವಾದುದನ್ನು ಓದುವಾಗ, ಇದೇ ಕ್ರಮದಿಂದ ತನಗೆ ಬೇಕಾದ ಫಲ ಬಂದಿದ್ದರೆ ಒಪ್ಪುತ್ತಿದ್ದೆನೇ ಎಂದು ಕೇಳಿಕೊಳ್ಳಬೇಕು. ಹೀಗೆ ಕೇಳಿಕೊಂಡರೂ ಕೆಲವು ದೋಷಗಳು ಕಣ್ಣು ತಪ್ಪಿಸುವುವು. ಕೇಳಿಕೊಳ್ಳದವನಿಗೆ ಕಾಣಬೇಕಾದುದೂ ಕಾಣದು.

ಇನ್ನು ಹೆಸರು ಮರೆಸಿಕೊಂಡು ಮಾತನಾಡುವುದು ಧರ್ಮವೆ? ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿಯು ಕೇಳಿದ ಪ್ರಶ್ನೆಯನ್ನು ಪಂಡಿತರು ಇಂದಿಗೂ ಚರ್ಚಿಸುತ್ತಿದ್ದಾರೆ. ಪರಿಶೀಲಕನ ಮರೆಗೆ ಒಂದು ನ್ಯಾಯವಾದ ಕಾರಣವಿದೆ. ಹೊಸಬನು ಹಿರಿಯನ ತಪ್ಪನ್ನು ಹೆಸರು ಹಾಕಿ ಹೇಳಿದರೆ ನಾಳೆ ಅವನ ಉದ್ಯೋಗಕ್ಕೋ ಧನಸಹಾಯಕ್ಕೋ ಅಡ್ಡಿ ಬರಬಹುದು. ರಾಬರ್ಟ್‌ಸನ್ನನು ಐನ್‌ಸ್ಟೈನನ ವಿಷಯದಲ್ಲಿ ನಿರ್ಭಯವಾಗಿ ಬರೆಯಲು ಮರೆಯು ನೆರವಾಗಿರಬೇಕು. ಆದರೆ ಲೇಖಕನು ತನಗಿಂತ ಕಿರಿಯನೂ ದುರ್ಬಲನೂ ಆಗಿರುವಾಗ ಆ ಮರೆಯಿಂದ ಸತ್ಯಕ್ಕೆ ಯಾವ ರಕ್ಷಣೆಯೂ ಬೇಕಾಗಿಲ್ಲ. ಅಲ್ಲಿ ಅದು ಪರಿಶೀಲಕನ ಸಿಡುಕಿಗೋ ಸೋಮಾರಿತನಕ್ಕೋ ಮಾತ್ರ ಆಶ್ರಯವಾಗುವುದು. ಅರ್ಥಹೀನವೆಂಬ ಒಂದು ಮಾತನ್ನು ಕಾರಣಗಳೊಡನೆ ಲೇಖಕನ ಮುಖ ನೋಡಿ ಹೇಳಬೇಕಾಗಿದ್ದರೆ ಲಬಕನು ಇನ್ನೊಮ್ಮೆ ಓದುತ್ತಿದ್ದನೋ ಏನೋ. ಆದುದರಿಂದ ಹೆಸರು ಮರೆಯಲ್ಲಿರಲಿ. ಆದರೆ ಕೆಳಗೆ ಹೆಸರು ಹಾಕಲು ನಾಚಬೇಕಾದ ಒಂದು ವಾಕ್ಯವೂ ವರದಿಯಲ್ಲಿರಬಾರದು.

ಇಷ್ಟೆಲ್ಲ ಹೊಣೆಯಿರುವ ಕೆಲಸವನ್ನು ಸಂಬಳವಿಲ್ಲದೆ ಏಕೆ ಒಪ್ಪಬೇಕು, ಪ್ರಕಾಶಕರು ಲಾಭ ಪಡೆಯುವಾಗ ಪರಿಶೀಲಕನು ಬಿಟ್ಟಿ ದುಡಿಯುವುದೇಕೆ ಎಂಬ ಆಕ್ಷೇಪವು ನಿರಾಧಾರವಲ್ಲ. ಪ್ರಕಾಶಕರೊಡನೆ ಆ ವಾದವನ್ನು ಹೂಡುವುದು ನ್ಯಾಯವೇ. ಆದರೆ ಪರಿಶೀಲಕನ ಸಾಲವಿರುವುದು ಪ್ರಕಾಶಕನಿಗಲ್ಲ. ತನ್ನ ಒಂದೊಂದು ಲೇಖನವನ್ನೂ ಇಬ್ಬರೋ ಮೂವರೋ ಹೆಸರಿಲ್ಲದೆ ಓದಿ ತಿದ್ದಿದ್ದಾರೆ. ಅವರು ಯಾರೆಂದು ಗೊತ್ತಿಲ್ಲದ ಕಾರಣ ಅವರಿಗೆ ತೀರಿಸುವಂತಿಲ್ಲ. ಇನ್ನೊಬ್ಬನ ಲೇಖನವನ್ನು ಹಾಗೆಯೇ ಓದಿ ತೀರಿಸಬೇಕು. ಋಷಿಋಣವನ್ನು ಅಧ್ಯಯನ ಅಧ್ಯಾಪನಗಳಿಂದ ತೀರಿಸುವಂತೆ ಇದು. ಆದರೆ ಬಂದ ಕರೆಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ತನಗೆ ತಿಳಿಯದ ವಿಷಯವಾದರೆ, ಹೇಳಿದ ಕಾಲದೊಳಗೆ ಆಗದಿದ್ದರೆ, ಅಂದೇ ಆಗದೆಂದು ಬರೆಯುವುದೂ ಧರ್ಮ. ಒಪ್ಪಿಕೊಂಡು ಎರಡು ತಿಂಗಳು ಹಾಗೆಯೇ ಇಟ್ಟುಕೊಳ್ಳುವುದು ಅಧರ್ಮ. ಲೇಖಕನು ನಂಬಿ ಒಪ್ಪಿಸಿದ ಹಸ್ತಪ್ರತಿಯನ್ನು ಸಂಪಾದಕನಿಗೆ ಹೇಳದೆ ಶಿಷ್ಯನಿಂದ ಓದಿಸುವುದೂ, ಅದರಲ್ಲಿಯ ವಿಚಾರವನ್ನು ತಾನು ಬಳಸಿಕೊಳ್ಳುವುದೂ, ಈಚೆಗೆ ಬಂದಿರುವ ಯಂತ್ರಬುದ್ಧಿಗೆ ಅದನ್ನು ಉಣಿಸಿ ವರದಿಯನ್ನು ಬರೆಸುವುದೂ ಒಂದೇ ಬಗೆಯ ನಂಬಿಕೆದ್ರೋಹ. ಬೇಲಿಯೇ ಹೊಲ ಮೇಯ್ದರೆ ಕಾಯುವವರಿಲ್ಲ.

ಹೊಸ ಪರಿಶೀಲಕನಿಗೆ ದಾರಿ ತೋರುವ ಆಚಾರವೊಂದು ನಮ್ಮ ಶಾಸ್ತ್ರಕಾರರಲ್ಲಿಯೇ ಇದೆ. ಪರಮತವನ್ನು ಖಂಡಿಸುವ ಮೊದಲು ಅವರು ಪೂರ್ವಪಕ್ಷವನ್ನು ನಿರೂಪಿಸುವರು. ಎದುರಾಳಿಯು ಓದಿದರೆ ‘ಹೌದು, ಇದೇ ನನ್ನ ಮಾತು’ ಎನ್ನುವಂತೆ ನಿರೂಪಿಸುವರು. ಪರಿಶೀಲಕನೂ ವರದಿಯ ಮೊದಲಲ್ಲಿ ಲೇಖಕನು ಏನನ್ನು ಕೇಳಿದನು, ಹೇಗೆ ಅರಸಿದನು, ಏನನ್ನು ಕಂಡನು ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಲಿ. ಅದು ಬರೆಯಲು ಬಾರದಿದ್ದರೆ ಲೇಖನವನ್ನು ಇನ್ನೂ ಓದಿಲ್ಲವೆಂದರ್ಥ. ಅನಂತರ ದಾರಿಯು ಎಲ್ಲಿ ಕಡಿದಿದೆ, ಅದನ್ನು ಕಟ್ಟಲು ಏನು ಮಾಡಬೇಕು, ಕಟ್ಟಲಾಗದಿದ್ದರೆ ಏಕೆ ಎಂಬುದನ್ನು ಒಂದೊಂದಾಗಿ ಹೇಳಲಿ. ನ್ಯಾಯಶಾಸ್ತ್ರವು ಹೇಳುವ ಮೂರು ಬಗೆಯ ಕಥೆಗಳಲ್ಲಿ ಗೆಲ್ಲಬೇಕೆಂಬುದು ಜಲ್ಪ, ತನ್ನ ಪಕ್ಷವನ್ನೇ ಹೇಳದೆ ಕೆಡಹುವುದು ವಿತಂಡ, ತತ್ತ್ವವನ್ನು ತಿಳಿಯಬೇಕೆಂಬುದು ವಾದ. ಪರಿಶೀಲನೆಗೆ ವಾದವೊಂದೇ ತಕ್ಕದ್ದು.

ಹೀಗೆ ಓದುತ್ತ ಓದುತ್ತ, ಸಂಪಾದಕನು ಒಂದು ದಿನದಲ್ಲಿ ಕೊಟ್ಟ ಅಧಿಕಾರಕ್ಕೆ ಪರಿಶೀಲಕನು ಕ್ರಮೇಣ ಅಧಿಕಾರಿಯಾಗುವನು. ಅವನು ಆಗಿದ್ದಾನೆಯೋ ಇಲ್ಲವೋ ಎಂಬುದನ್ನು ಲೇಖಕನು ತಿಳಿಯಲಾರನು, ಸಂಪಾದಕನೂ ಪೂರ್ತಿಯಾಗಿ ತಿಳಿಯಲಾರನು. ಊರಿನ ಮೈದಾನದಲ್ಲಿ ಬೆಳಗಿನ ಜಾವ ಓಡುತ್ತಿರುವ ಹುಡುಗಿಗೆ ಅವನ ಹೆಸರೂ ಗೊತ್ತಿಲ್ಲ, ಪತ್ರಿಕೆಯ ಹೆಸರೂ ಗೊತ್ತಿಲ್ಲ. ಎಷ್ಟು ನೀರು ಕುಡಿಯಬೇಕು, ಎಷ್ಟು ಓಡಬೇಕು, ತಾನು ಓಡಬಹುದೋ ಬಾರದೋ ಎಂಬುದನ್ನು ಅವಳು ತನ್ನ ತರಬೇತುದಾರನಿಂದ ಕೇಳುವಳು; ಅವನು ಅಚ್ಚಾದುದನ್ನು ನಂಬಿ ಹೇಳುವನು. ಆ ನಂಬಿಕೆಗೆ ತಕ್ಕವನಾಗಿ ಓದುವವನೇ ಪರಿಶೀಲನೆಗೆ ಅಧಿಕಾರಿ.